ನೋಡ್ ನಡೆಸುವುದು ಮೈನಿಂಗ್ ಅಲ್ಲ. ಪ್ರೊಸೆಸರ್ ಏಕೆ ದುಡಿಯುತ್ತಿದೆ ಎಂಬುದನ್ನು ಮೊದಲು ನೋಡಬೇಕು

ಮಾನ್ಯ ಸಂಪಾದಕರಿಗೆ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದ ಪ್ರಶ್ನೋತ್ತರ ಅಂಕಣದಲ್ಲಿ ಓದುಗರೊಬ್ಬರು ಕೇಳಿದ್ದ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಮನೆಯ ಕಂಪ್ಯೂಟರಿನಲ್ಲಿ ಬಿಟ್‌ಕಾಯಿನ್ ನೋಡ್, ಅಂದರೆ ಆ ಡಿಜಿಟಲ್ ನಾಣ್ಯದ ವಹಿವಾಟುಗಳನ್ನು ಪರಿಶೀಲಿಸುವ ತಂತ್ರಾಂಶ, ಹಾಕಿಕೊಂಡ ದಿನದಿಂದ ಪ್ರೊಸೆಸರ್ ಬಳಕೆ ನೂರಕ್ಕೆ ನೂರಾಗಿದೆ, ಫ್ಯಾನಿನ ಸದ್ದಿಗೆ ಮನೆಮಂದಿ ಬೇಸತ್ತಿದ್ದಾರೆ, ಏನು ಮಾಡಲಿ ಎಂಬುದು ಅವರ ಪ್ರಶ್ನೆ. ಮೈನಿಂಗ್, ಅಂದರೆ ಕಂಪ್ಯೂಟರಿನಿಂದ ಲೆಕ್ಕ ಮಾಡಿಸಿ ಹೊಸ ನಾಣ್ಯ ಗಳಿಸುವ ಕೆಲಸ, ನಡೆಯುತ್ತಿರುವುದರಿಂದ ಹೀಗಾಗುತ್ತಿದೆ, ತಂತ್ರಾಂಶವನ್ನು ತೆಗೆದುಹಾಕಿ, ಇಲ್ಲವೇ ಹೆಚ್ಚು ಸಾಮರ್ಥ್ಯದ ಪ್ರೊಸೆಸರ್ ಕೊಳ್ಳಿ ಎಂಬುದು ಅಂಕಣದ ಉತ್ತರ. ಮೊದಲ ಮಾತು ತಪ್ಪು, ಎರಡನೆಯದು ಅನಗತ್ಯ, ಮೂರನೆಯದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದ ನಾನು ಕೆಲವು ವರ್ಷಗಳಿಂದ ಮನೆಯಲ್ಲಿ ಇಂಥದೊಂದು ನೋಡ್ ನಡೆಸುತ್ತಿದ್ದೇನೆ. ಇದೇ ತೊಂದರೆಯನ್ನು ಒಂದಲ್ಲ ಮೂರು ಬಗೆಯಲ್ಲಿ ಅನುಭವಿಸಿದವನಾದ್ದರಿಂದ ತುಸು ವಿವರವಾಗಿ ಬರೆಯಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಮೈನಿಂಗ್ ಮತ್ತು ನೋಡ್ ಎರಡನ್ನೂ ಒಂದೆಂದು ತಿಳಿಯುವುದಕ್ಕೆ ಕಾರಣವಿಲ್ಲದೆ ಇಲ್ಲ. 2009ರ ಜನವರಿ 3ರಂದು ಬಿಟ್‌ಕಾಯಿನ್‌ನ ಮೊದಲ ಬ್ಲಾಕ್, ಅಂದರೆ ವಹಿವಾಟುಗಳನ್ನು ದಾಖಲಿಸುವ ಮೊದಲ ಕಟ್ಟು, ಸೃಷ್ಟಿಯಾದಾಗ ಎರಡೂ ಕೆಲಸಗಳನ್ನು ಒಂದೇ ತಂತ್ರಾಂಶ ಮಾಡುತ್ತಿತ್ತು, ಸಾಮಾನ್ಯ ಪ್ರೊಸೆಸರಿನಿಂದಲೇ ನಾಣ್ಯ ಗಳಿಸುವ ಆಯ್ಕೆಯೂ ಅದರಲ್ಲಿತ್ತು. ಆದರೆ ಮೈನಿಂಗ್ ಕೆಲಸ ಮೊದಲು ಗ್ರಾಫಿಕ್ಸ್ ಕಾರ್ಡುಗಳಿಗೆ, ಅನಂತರ ಅದಕ್ಕೆಂದೇ ತಯಾರಿಸಿದ ಚಿಪ್‌ಗಳಿಗೆ ಹೋಯಿತು. ಬಿಟ್‌ಕಾಯಿನ್ ಕೋರ್ ಎಂಬ ಪ್ರಮುಖ ತಂತ್ರಾಂಶದಿಂದ ಒಳಗಿನ ಮೈನಿಂಗ್ ಭಾಗವನ್ನು 2016ರ 0.13.0 ಆವೃತ್ತಿಯಲ್ಲಿ ತೆಗೆದೇಬಿಟ್ಟರು. ಆದ್ದರಿಂದ ಇಂದು ಆ ತಂತ್ರಾಂಶವನ್ನು ಹಾಕಿಕೊಂಡವರ ಪ್ರೊಸೆಸರ್ ಬಿಸಿಯಾದರೆ ಅದಕ್ಕೆ ಆ ತಂತ್ರಾಂಶದ ಮೈನಿಂಗ್ ಕಾರಣವಾಗಿರಲು ಸಾಧ್ಯವಿಲ್ಲ. ನೋಡ್ ನಡೆಸಿದ್ದಕ್ಕೆ ಯಾರೂ ಯಾರಿಗೂ ಬಿಡಿಗಾಸನ್ನೂ ಕೊಡುವುದಿಲ್ಲ. 2021ರಲ್ಲಿ ನಮ್ಮ ರಾಜ್ಯದ ರಾಜಕೀಯದಲ್ಲಿ ಬಿಟ್‌ಕಾಯಿನ್ ಹಗರಣದ ಆರೋಪ ಎದ್ದ ಮೇಲೆ ಈ ಹೆಸರು ಕೇಳಿದರೇ ಹುಬ್ಬೇರಿಸುವವರಿದ್ದಾರೆ. ನಾಣ್ಯದ ಮೇಲಿನ ಅಭಿಪ್ರಾಯ ಅವರವರಿಗೆ ಬಿಟ್ಟದ್ದು. ಈ ಪತ್ರದ ವಿಷಯ ಅದಲ್ಲ.

ಹಾಗಾದರೆ ಪ್ರೊಸೆಸರ್ ಮಾಡುತ್ತಿರುವುದೇನು? ನಮ್ಮೂರಿನ ಗಂಜ್‌ನಲ್ಲಿ ದಲಾಲಿ ಅಂಗಡಿಯೊಂದರ ಹದಿನೈದು ವರ್ಷಗಳ ಖಾತೆ ಕಿರ್ದಿಗಳನ್ನು ಹೊಸ ಗುಮಾಸ್ತನ ಮುಂದಿಟ್ಟು, ಯಾರ ಮಾತನ್ನೂ ನಂಬದೆ ಮೊದಲ ಪುಟದ ಮೊದಲ ಸಾಲಿನಿಂದ ನೀನೇ ಕೂಡಿ ಕಳೆದು ಇಂದಿನ ಬಾಕಿ ಎಷ್ಟೆಂದು ಹೇಳು ಎಂದರೆ ಅವನು ಪಡಬೇಕಾದ ಪಾಡನ್ನು ಊಹಿಸಿಕೊಳ್ಳಬಹುದು. ಹೊಸ ನೋಡ್ ಮಾಡುವುದು ಅದನ್ನೇ. ಅದು 2009ರಿಂದ ಇಂದಿನವರೆಗಿನ ಎಲ್ಲ ಬ್ಲಾಕ್‌ಗಳನ್ನೂ, ಅಂದರೆ 600 ಜಿಬಿಗೂ ಮೀರಿದ ದತ್ತಾಂಶವನ್ನು, ಇತರ ನೋಡ್‌ಗಳಿಂದ ತರಿಸಿಕೊಳ್ಳುತ್ತದೆ. ಪ್ರತಿ ವಹಿವಾಟಿನಲ್ಲಿ ಖರ್ಚಾಗುತ್ತಿರುವ ಹಣ ನಿಜವಾಗಿ ಇತ್ತೇ, ಅದು ಮೊದಲೇ ಖರ್ಚಾಗಿತ್ತೇ, ಹಣದ ಒಡೆಯರ ಡಿಜಿಟಲ್ ಸಹಿ ಸರಿಯಾಗಿದೆಯೇ ಎಂದು ನೋಡುತ್ತದೆ. ಇನ್ನೂ ಖರ್ಚಾಗದೆ ಉಳಿದಿರುವ ಮೊತ್ತಗಳ ಪಟ್ಟಿಯೊಂದನ್ನು (ಮುಂದೆ ಇದನ್ನು ಬಾಕಿಪಟ್ಟಿ ಎನ್ನುತ್ತೇನೆ), ಇದೇ ಸುಮಾರು 10 ಜಿಬಿಗಿಂತ ದೊಡ್ಡದು, ಹೆಜ್ಜೆ ಹೆಜ್ಜೆಗೂ ತಿದ್ದುತ್ತ ಹೋಗುತ್ತದೆ. ಇದನ್ನು ಆರಂಭಿಕ ಸಿಂಕ್ ಎನ್ನುತ್ತಾರೆ. ಈ ಹಂತದಲ್ಲಿ ಪ್ರೊಸೆಸರ್ ಪೂರ್ತಿ ದುಡಿಯುವುದು ರೋಗದ ಲಕ್ಷಣವಲ್ಲ, ಕೊಟ್ಟ ಕೆಲಸವನ್ನು ಅದು ಮಾಡುತ್ತಿದೆ ಅಷ್ಟೆ.

ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ, "ಸರ್, ಪ್ರೊಸೆಸರ್ ಸುಟ್ಟು ಹೋಗ್ತದೇನ್ರೀ?" ಎಂದು ಕೇಳಿದ. ಮೂರು ದಿನ ತಣ್ಣಗೆ ನಡೆಯುತ್ತಿದ್ದ ಸಿಂಕ್, ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಇದ್ದಕ್ಕಿದ್ದಂತೆ ಪ್ರೊಸೆಸರಿನ ನಾಲ್ಕೂ ಕೋರ್‌ಗಳನ್ನು, ಅಂದರೆ ಅದರೊಳಗಿನ ದುಡಿಯುವ ಘಟಕಗಳನ್ನು, ನೂರಕ್ಕೇರಿಸಿ ಆಮೆಯಂತೆ ತೆವಳತೊಡಗಿತ್ತು. ಅಂಗಡಿಯವನೊಬ್ಬ ಪ್ರೊಸೆಸರ್ ಕೈಕೊಟ್ಟಿದೆ, ಹೊಸದು ಹಾಕಿಸಿ ಎಂದಿದ್ದನಂತೆ. ನಾನು ಕೇಳಿದ್ದು ಒಂದೇ ಪ್ರಶ್ನೆ: ತಂತ್ರಾಂಶದ ಆವೃತ್ತಿ ಯಾವುದು? ಅವನು ಎರಡು ವರ್ಷ ಹಳೆಯದಾದ ಕಡತವನ್ನು ಪೆನ್‌ಡ್ರೈವ್‌ನಿಂದ ಹಾಕಿಕೊಂಡಿದ್ದ. ಉತ್ತರ ಅಲ್ಲಿಯೇ ಇತ್ತು.

2017ರ 0.14.0 ಆವೃತ್ತಿಯಿಂದ ಬಿಟ್‌ಕಾಯಿನ್ ಕೋರ್‌ನಲ್ಲಿ ಒಂದು ಏರ್ಪಾಟಿದೆ. ತಂತ್ರಾಂಶವನ್ನು ಬಿಡುಗಡೆ ಮಾಡುವ ಹೊತ್ತಿಗೆ ಬ್ಲಾಕ್‌ಗಳ ಸರಪಳಿಯಲ್ಲಿ ಗಟ್ಟಿಯಾಗಿ ನೆಲೆನಿಂತ ಒಂದು ಬ್ಲಾಕಿನ ಗುರುತನ್ನು ಅದರೊಳಗೆ ಬರೆದಿಡುತ್ತಾರೆ. ಆ ಬ್ಲಾಕಿನವರೆಗಿನ ವಹಿವಾಟುಗಳ ಸಹಿಗಳನ್ನು ಮಾತ್ರ ಮತ್ತೆ ಪರಿಶೀಲಿಸುವುದಿಲ್ಲ. ಉಳಿದ ಲೆಕ್ಕವೆಲ್ಲ ಎಂದಿನಂತೆಯೇ ನಡೆಯುತ್ತದೆ. ಸಹಿ ಪರಿಶೀಲನೆಯೇ ಪ್ರೊಸೆಸರಿಗೆ ಭಾರವಾದ ಕೆಲಸವಾದ್ದರಿಂದ ಅಲ್ಲಿಯವರೆಗೆ ಯಂತ್ರ ಹಗುರವಾಗಿ ಸಾಗುತ್ತದೆ. ಆ ಗುರುತಿನ ಬ್ಲಾಕ್ ದಾಟಿದ ಮೇಲೆ ಪ್ರತಿಯೊಂದು ಸಹಿಯನ್ನೂ ನೋಡಬೇಕಾಗುತ್ತದೆ, ಆ ಕೆಲಸವನ್ನು ತಂತ್ರಾಂಶ ಎಲ್ಲ ಕೋರ್‌ಗಳಿಗೂ ಹಂಚುತ್ತದೆ. ಆವೃತ್ತಿ ಎಷ್ಟು ಹಳೆಯದೋ ಆ ಗುರುತೂ ಅಷ್ಟೇ ಹಿಂದಿರುತ್ತದೆ, ಪೂರ್ತಿ ಪರಿಶೀಲಿಸಬೇಕಾದ ಬ್ಲಾಕ್‌ಗಳೂ ಅಷ್ಟೇ ಹೆಚ್ಚುತ್ತವೆ. ನನ್ನ ವಿದ್ಯಾರ್ಥಿ ನೋಡ್ ಅನ್ನು ಸರಿಯಾದ ರೀತಿಯಲ್ಲಿ ನಿಲ್ಲಿಸಿ ಹೊಸ ಆವೃತ್ತಿ ಹಾಕಿದ. ಮರುದಿನ ಸಂಜೆಗೆ ಸಿಂಕ್ ಮುಗಿದಿತ್ತು. ಹೊಸ ಪ್ರೊಸೆಸರಿನ ಹಣ ಉಳಿಯಿತು.

ಇನ್ನೊಂದು ಮಾತು. 2024ರ ಅಕ್ಟೋಬರಿನಲ್ಲಿ ಬಂದ 28.0 ಆವೃತ್ತಿಯಿಂದ, 8,40,000ನೇ ಬ್ಲಾಕಿನ ಹೊತ್ತಿಗಿದ್ದ ಬಾಕಿಪಟ್ಟಿಯ ಚಿತ್ರಣವನ್ನು ನೇರವಾಗಿ ತುಂಬಿಕೊಂಡು ಬೇಗನೆ ಇಂದಿನ ಬ್ಲಾಕಿಗೆ ಬರುವ ದಾರಿಯೂ ಇದೆ. ಆ ದಾರಿ ಹಿಡಿದವರು, ನೋಡ್ ಇಂದಿನವರೆಗೆ ಬಂದಾಯಿತಲ್ಲ, ಪ್ರೊಸೆಸರ್ ಇನ್ನೂ ಏಕೆ ದುಡಿಯುತ್ತಿದೆ ಎಂದು ಗಾಬರಿಯಾಗುವುದುಂಟು. ಹಿಂದಿನ ಬ್ಲಾಕ್‌ಗಳನ್ನೆಲ್ಲ ಮೊದಲಿನಿಂದ ಪರಿಶೀಲಿಸುವ ಕೆಲಸವನ್ನು ತಂತ್ರಾಂಶ ಬಿಟ್ಟುಕೊಟ್ಟಿರುವುದಿಲ್ಲ, ಹಿನ್ನೆಲೆಯಲ್ಲಿ ನಡೆಸುತ್ತಲೇ ಇರುತ್ತದೆ.

ಸಿಂಕ್ ಮುಗಿದಿದೆಯೇ ಇಲ್ಲವೇ ಎಂಬುದನ್ನು ಊಹಿಸಬೇಕಾಗಿಲ್ಲ. ತಂತ್ರಾಂಶದ ಗೆಟ್‌ಬ್ಲಾಕ್‌ಚೈನ್‌ಇನ್ಫೋ ಎಂಬ ಆದೇಶ ಕೊಟ್ಟರೆ, ಆರಂಭಿಕ ಸಿಂಕ್ ನಡೆಯುತ್ತಿದೆಯೇ ಎಂಬ ಸಾಲೂ ಪರಿಶೀಲನೆ ಎಷ್ಟು ಮುಗಿದಿದೆ ಎಂಬ ಅಂಕಿಯೂ ಸಿಗುತ್ತವೆ. ನೋಡ್ ತನ್ನ ದಿನಚರಿ ಬರೆದಿಡುವ ಡಿಬಗ್ ಲಾಗ್ ಕಡತದಲ್ಲೂ ಹೊಸ ಬ್ಲಾಕ್ ಸೇರಿದಾಗಲೆಲ್ಲ ಒಂದೊಂದು ಸಾಲು ಬೀಳುತ್ತದೆ. ಸಾಲುಗಳು ಸೆಕೆಂಡಿಗೆ ಹಲವು ಬೀಳುತ್ತಿದ್ದರೆ ಸಿಂಕ್ ನಡೆದಿದೆ ಎಂದೂ, ಸರಾಸರಿ 10 ನಿಮಿಷಕ್ಕೊಂದು ಬೀಳುತ್ತಿದ್ದರೆ ಮುಗಿದಿದೆ ಎಂದೂ ತಿಳಿಯಬಹುದು. ಮುಗಿದ ಮೇಲೆ ಹೊಸ ಬ್ಲಾಕ್ ಬಂದಾಗ ಪ್ರೊಸೆಸರ್ ಕ್ಷಣಕಾಲ ಏರಿ ಇಳಿಯಬೇಕು, ಅಷ್ಟೆ. ಆ ಬ್ಲಾಕಿನಲ್ಲಿರುವ ಬಹುಪಾಲು ವಹಿವಾಟುಗಳು ಮೊದಲೇ ಮೆಂಪೂಲ್‌ಗೆ, ಅಂದರೆ ಸರದಿಯಲ್ಲಿ ಕಾಯುವ ವಹಿವಾಟುಗಳ ಕೋಣೆಗೆ, ಬಂದು ಪರಿಶೀಲನೆಯಾಗಿರುತ್ತವೆ. ಸಿಂಕ್ ಮುಗಿದ ಮೇಲೂ ಗಂಟೆಗಟ್ಟಲೆ ಏರಿಯೇ ನಿಂತಿದ್ದರೆ ಆಗ ಕಾರಣ ಹುಡುಕುವುದು ನ್ಯಾಯ.

ಹುಡುಕುವ ಮೊದಲು ಅಂಕಿಯನ್ನು ಓದಲು ಕಲಿಯಬೇಕು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಎಲ್ಲ ಕೋರ್‌ಗಳನ್ನೂ ಒಟ್ಟುಗೂಡಿಸಿ ಶೇಕಡಾವಾರು ತೋರಿಸುತ್ತದೆ. ಲಿನಕ್ಸ್‌ನ ಟಾಪ್ ಆದೇಶ ಸಾಮಾನ್ಯವಾಗಿ ಒಂದು ಕೋರನ್ನು ನೂರೆಂದು ಹಿಡಿಯುತ್ತದೆ. ಹಾಗಾಗಿ ನಾಲ್ಕು ಕೋರ್‌ಗಳ ಯಂತ್ರದಲ್ಲಿ ಒಂದೇ ಕೋರ್ ಪೂರ್ತಿ ದುಡಿಯುತ್ತಿದ್ದರೆ ವಿಂಡೋಸ್ 25 ಎನ್ನುತ್ತದೆ, ಲಿನಕ್ಸ್ 100 ಎನ್ನುತ್ತದೆ. ನಾಲ್ಕೂ ದುಡಿದರೆ ಲಿನಕ್ಸ್ 400 ಎಂದು ತೋರಿಸಿ ಹೊಸಬರನ್ನು ಹೆದರಿಸುತ್ತದೆ. ಈ ವ್ಯತ್ಯಾಸ ತಿಳಿಯದೆ ಒಬ್ಬರ ಅಂಕಿಯನ್ನು ಇನ್ನೊಬ್ಬರ ಅಂಕಿಯೊಂದಿಗೆ ಹೋಲಿಸಿ ಜಗಳವಾಡುವವರನ್ನು ನಾನು ಕಂಡಿದ್ದೇನೆ.

ಲಿನಕ್ಸ್‌ನಲ್ಲಿ ಟಾಪ್ ನಡೆಯುತ್ತಿರುವಾಗ ದೊಡ್ಡಕ್ಷರದ ಎಚ್ ಒತ್ತಿದರೆ ನೋಡ್‌ನ ಒಳಗಿನ ಎಳೆಗಳು, ಅಂದರೆ ಥ್ರೆಡ್‌ಗಳು, ಬೇರೆ ಬೇರೆಯಾಗಿ ಹೆಸರು ಸಮೇತ ಕಾಣುತ್ತವೆ. ನನ್ನ ದೃಷ್ಟಿಯಲ್ಲಿ ಈ ಸಮಸ್ಯೆಗೆ ಇದಕ್ಕಿಂತ ಒಳ್ಳೆಯ ಉಪಕರಣವಿಲ್ಲ, ಇದನ್ನು ನಿಮ್ಮ ಅಂಕಣ ಹೇಳಬೇಕಿತ್ತು. ಸ್ಕ್ರಿಪ್ಟ್‌ಸಿಎಚ್ ಎಂಬ ಹೆಸರಿನ ಎಳೆಗಳು ಮೇಲೆ ಕಂಡರೆ ಸಹಿಗಳ ಪರಿಶೀಲನೆ ನಡೆಯುತ್ತಿದೆ, ಕಾಯುವುದೇ ಮದ್ದು. ಎಂಎಸ್‌ಜಿಹ್ಯಾಂಡ್ ಎಂಬ ಒಂದೇ ಎಳೆ ನೂರಕ್ಕೆ ನಿಂತಿದ್ದರೆ ಇತರ ನೋಡ್‌ಗಳೊಂದಿಗಿನ ಮಾತುಕತೆಯಲ್ಲಿ ಅಥವಾ ಬ್ಲಾಕ್ ಸೇರಿಸುವುದರಲ್ಲಿ ಹೊತ್ತು ಹೋಗುತ್ತಿದೆ. ಟಿಎಕ್ಸ್‌ಇಂಡೆಕ್ಸ್ ಕಂಡರೆ ಎಲ್ಲ ವಹಿವಾಟುಗಳ ಸೂಚಿ ಕಟ್ಟುವ ಆಯ್ಕೆಯನ್ನು ನೀವೇ ಹಾಕಿಕೊಂಡಿದ್ದೀರಿ, ಅದು ಒಮ್ಮೆ ಮುಗಿದರೆ ಮುಗಿಯಿತು. ಎಚ್‌ಟಿಟಿಪಿವರ್ಕರ್ ಎಂಬುದು ಮೇಲೆ ಕಂಡರೆ ಹೊರಗಿನ ಯಾವುದೋ ತಂತ್ರಾಂಶ ನಿಮ್ಮ ನೋಡ್‌ಗೆ ಬಿಡದೆ ಪ್ರಶ್ನೆ ಕೇಳುತ್ತಿದೆ ಎಂದರ್ಥ.

ಈ ಕೊನೆಯದು ನನ್ನದೇ ಕಥೆ. ಗೋಡೆಗೊಂದು ಸಣ್ಣ ಪರದೆ ಹಾಕಿ, ಚಲಾವಣೆಯಲ್ಲಿರುವ ಒಟ್ಟು ನಾಣ್ಯಗಳ ಸಂಖ್ಯೆಯನ್ನು ನನ್ನ ನೋಡ್‌ನಿಂದಲೇ ಕೇಳಿ ತೋರಿಸಬೇಕೆಂಬ ಹುಚ್ಚಿನಿಂದ ಒಂದು ಸ್ಕ್ರಿಪ್ಟ್ ಬರೆದೆ. ಅದು ನಿಮಿಷಕ್ಕೊಮ್ಮೆ ಗೆಟ್‌ಟಿಎಕ್ಸ್‌ಔಟ್‌ಸೆಟ್‌ಇನ್ಫೋ ಎಂಬ ಆದೇಶ ಕೊಡುತ್ತಿತ್ತು. ಆ ಆದೇಶ ಕೊಟ್ಟಾಗಲೆಲ್ಲ ನೋಡ್ ಬಾಕಿಪಟ್ಟಿಯನ್ನು ಪೂರ್ತಿಯಾಗಿ ಮೊದಲಿನಿಂದ ಕೊನೆಯವರೆಗೆ ಓದಿ ಕೂಡಿಸುತ್ತದೆ, ನನ್ನ ಯಂತ್ರದಲ್ಲಿ ಅದಕ್ಕೆ ಹಲವು ನಿಮಿಷಗಳೇ ಬೇಕು. ಒಂದು ಲೆಕ್ಕ ಮುಗಿಯುವುದರೊಳಗೆ ಮುಂದಿನ ಪ್ರಶ್ನೆ ಬಂದು ನಿಲ್ಲುತ್ತಿತ್ತು. ಎರಡು ವಾರ ನಾನು ನೋಡ್‌ನ ಸಂಪರ್ಕಗಳನ್ನು ಕಡಿಮೆ ಮಾಡಿದೆ, ಮೆಂಪೂಲ್ ಕುಗ್ಗಿಸಿದೆ, ಫ್ಯಾನ್ ಬದಲಿಸಿದೆ. ನನ್ನ ಸ್ಕ್ರಿಪ್ಟಿನ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಕಾಯಿನ್‌ಸ್ಟ್ಯಾಟ್ಸ್‌ಇಂಡೆಕ್ಸ್ ಎಂಬ ಸೂಚಿಯನ್ನು ಚಾಲೂ ಮಾಡಿದ ಮೇಲೆ ಅದೇ ಉತ್ತರ ತಕ್ಷಣ ಸಿಗತೊಡಗಿತು. ನೋಡ್‌ಗೆ ಜೋಡಿಸಿಕೊಂಡ ವ್ಯಾಲೆಟ್, ಎಕ್ಸ್‌ಪ್ಲೋರರ್, ಗ್ರಾಫ್ ತೋರಿಸುವ ತಂತ್ರಾಂಶಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡುವುದು ಐದು ನಿಮಿಷದ ಕೆಲಸ, ಅದನ್ನು ಮೊದಲು ಮಾಡಬೇಕು.

ನನ್ನ ಇನ್ನೊಂದು ತಪ್ಪು ಇದಕ್ಕಿಂತ ಪೆದ್ದುತನದ್ದು. ಒಮ್ಮೆ ದತ್ತಾಂಶ ಕೆಟ್ಟಾಗ ಎಲ್ಲವನ್ನೂ ಮರುಪರಿಶೀಲಿಸುವ ರೀಇಂಡೆಕ್ಸ್ ಎಂಬ ಸೂಚನೆಯನ್ನು ಸೆಟ್ಟಿಂಗ್ಸ್ ಕಡತದಲ್ಲಿ ಬರೆದೆ, ಕೆಲಸವಾದ ಮೇಲೆ ಅಳಿಸಲು ಮರೆತೆ. ಅದು ಒಮ್ಮೆ ಮಾತ್ರ ಆದೇಶದ ಸಾಲಿನಲ್ಲಿ ಕೊಡಬೇಕಾದ ಸೂಚನೆ. ಕಡತದಲ್ಲಿ ಉಳಿದರೆ ನೋಡ್ ಆರಂಭವಾದಾಗಲೆಲ್ಲ 2009ರಿಂದ ಮತ್ತೆ ಲೆಕ್ಕ ಶುರುವಾಗುತ್ತದೆ. ಕರೆಂಟು ಹೋಗಿ ಬಂದಾಗಲೆಲ್ಲ ನನ್ನ ನೋಡ್ ಹುಟ್ಟಿದ ದಿನಕ್ಕೆ ಮರಳುತ್ತಿತ್ತು. ಯಂತ್ರದ ಮೇಲೆ ಸಿಟ್ಟಾಗಿದ್ದ ನಾನು ಕೊನೆಗೆ ಆ ಒಂದು ಸಾಲನ್ನು ಕಂಡು ನಕ್ಕುಬಿಟ್ಟೆ.

ತಪ್ಪು ಎಂದಿಗೂ ನಮ್ಮದೇ ಇರುತ್ತದೆ ಎಂದೂ ಹೇಳಲಾರೆ. 2023ರ ಮೇ ತಿಂಗಳ ಆರಂಭದಲ್ಲಿ ಬಿಟ್‌ಕಾಯಿನ್ ಜಾಲದಲ್ಲಿ ಸಣ್ಣ ಸಣ್ಣ ವಹಿವಾಟುಗಳ ಮಹಾಪೂರವೇ ಬಂದಿತು. ಅದೇ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿಕೊಂಡಿದ್ದ ಹೊಸ ಬಗೆಯ ಟೋಕನ್‌ಗಳು ಅದಕ್ಕೆ ಮುಖ್ಯ ಕಾರಣ. ಆಗ ಜಗತ್ತಿನ ನಾನಾ ಕಡೆ ನೋಡ್‌ಗಳ ಪ್ರೊಸೆಸರ್ ಏಕಾಏಕಿ ಏರಿತು. ನೋಡ್ ಒಂದು ತನಗೆ ಬಂದ ಹೊಸ ವಹಿವಾಟುಗಳ ಸುದ್ದಿಯನ್ನು ಸಂಪರ್ಕದಲ್ಲಿರುವ ಪ್ರತಿ ನೋಡ್‌ಗೂ ಮುಟ್ಟಿಸಬೇಕು. ಅದಕ್ಕಾಗಿ ಪ್ರತಿಯೊಬ್ಬರಿಗೂ ಒಂದೊಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಸುದ್ದಿ ಕಳಿಸುವ ವೇಗಕ್ಕೊಂದು ಮಿತಿ ಇದ್ದುದರಿಂದ, ಬರುವ ವೇಗ ಅದನ್ನು ಮೀರಿದಾಗ ಪಟ್ಟಿಗಳು ಉದ್ದವಾಗುತ್ತ ಹೋದವು. ಪ್ರತಿ ಸಲ ಕಳಿಸುವ ಮೊದಲು ಆ ಉದ್ದನೆಯ ಪಟ್ಟಿಯನ್ನು ಮತ್ತೆ ಮತ್ತೆ ವಿಂಗಡಿಸುವುದರಲ್ಲೇ ಪ್ರೊಸೆಸರಿನ ಹೊತ್ತೆಲ್ಲ ಕಳೆಯಿತು. ನೂರಾರು ಮದುವೆ ಕರೆಯೋಲೆಗಳನ್ನು ಹಿಡಿದವನು ಒಂದು ಮನೆಗೆ ಕೊಟ್ಟು ಬಂದು, ಮುಂದಿನ ಮನೆಗೆ ಹೊರಡುವ ಮೊದಲು ಇಡೀ ಕಟ್ಟನ್ನು ಬಿಚ್ಚಿ ಪುನಃ ಜೋಡಿಸುತ್ತ ಕುಳಿತಂತೆ. ಮೇಲೆ ಹೇಳಿದ ಎಂಎಸ್‌ಜಿಹ್ಯಾಂಡ್ ಎಳೆ ಅದರಲ್ಲೇ ಸಿಕ್ಕಿಕೊಂಡಿದ್ದರಿಂದ ಬೇರೆ ನೋಡ್‌ಗಳ ಮಾತಿಗೆ ಉತ್ತರ ಕೊಡುವುದೂ ತಡವಾಯಿತು. ತಂತ್ರಾಂಶ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಈ ದೋಷಕ್ಕೆ ಸಿವಿಇ-2023-33297 ಎಂಬ ಸಂಖ್ಯೆ ಸಿಕ್ಕಿತು. ಅದೇ ತಿಂಗಳು ಬಂದ 24.1 ಮತ್ತು 25.0 ಆವೃತ್ತಿಗಳಲ್ಲಿ ಅದನ್ನು ಸರಿಪಡಿಸಿದರು. ಆ ಹೊತ್ತಿನಲ್ಲಿ ಹೊಸ ಪ್ರೊಸೆಸರ್ ಕೊಂಡವರಿಗೆ ಎಷ್ಟು ಪ್ರಯೋಜನವಾಗಿದ್ದೀತು ಎಂಬುದನ್ನು ಅಂಕಣಕಾರರು ಯೋಚಿಸಬೇಕು.

ಪ್ರೊಸೆಸರ್ ಎಂದು ನಾವು ದೂರುವುದು ಅನೇಕ ಸಲ ಡಿಸ್ಕಿನ ತೊಂದರೆ. ಬಾಕಿಪಟ್ಟಿಯ ಬೇರೆ ಬೇರೆ ಮೂಲೆಗಳಿಂದ ಚೂರುಚೂರಾಗಿ ಓದುವ ಕೆಲಸಕ್ಕೆ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಹೇಳಿಮಾಡಿಸಿದ ಶತ್ರು. ಲಿನಕ್ಸ್‌ನಲ್ಲಿ ಲೋಡ್ ಎಂದು ತೋರಿಸುವ ಸರಾಸರಿ ಅಂಕಿಯಲ್ಲಿ ಡಿಸ್ಕಿಗಾಗಿ ಕಾಯುತ್ತಿರುವ ಕೆಲಸಗಳೂ ಸೇರಿರುವುದರಿಂದ, ಅಂಕಿ 8 ಇದ್ದರೂ ಪ್ರೊಸೆಸರ್ ಸುಮ್ಮನೆ ಕುಳಿತಿರಬಹುದು. ಟಾಪ್‌ನಲ್ಲಿ ಡಬ್ಲ್ಯುಎ ಎಂಬ ಅಕ್ಷರಗಳ ಪಕ್ಕದ ಅಂಕಿ ದೊಡ್ಡದಿದ್ದರೆ ಕೊಳ್ಳಬೇಕಾದದ್ದು ಪ್ರೊಸೆಸರ್ ಅಲ್ಲ, ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಡಿಸ್ಕ್. ಡಿಸ್ಕಿಗೆ ಓಡಾಡುವುದನ್ನು ಕಡಿಮೆ ಮಾಡಲು ಡಿಬಿಕ್ಯಾಶ್ ಎಂಬ ಸೆಟ್ಟಿಂಗ್ ಇದೆ. ಬಹಳ ವರ್ಷ ಅದರ ಪೂರ್ವನಿಗದಿ 450 ಎಂಬಿ ಇತ್ತು. 8 ಜಿಬಿ ಮೆಮೊರಿಯ ಯಂತ್ರದಲ್ಲಿ ಸಿಂಕ್ ಮುಗಿಯುವವರೆಗೆ ಅದನ್ನು 4000ಕ್ಕೆ ಏರಿಸಿದರೆ ಎದ್ದು ಕಾಣುವಷ್ಟು ಲಾಭವಿದೆ. ಆದರೆ ಇರುವ ಮೆಮೊರಿಯನ್ನೆಲ್ಲ ಅದಕ್ಕೇ ಕೊಟ್ಟರೆ ಕಂಪ್ಯೂಟರ್ ಡಿಸ್ಕಿನ ಜಾಗವನ್ನು ಮೆಮೊರಿಯಂತೆ ಬಳಸತೊಡಗುತ್ತದೆ, ಆಗ ಆ ಓಡಾಟಕ್ಕೇ ಪ್ರೊಸೆಸರ್ ಸವೆಯುತ್ತದೆ.

ಡಿಬಿಕ್ಯಾಶ್ ದೊಡ್ಡದು ಮಾಡಿದವರಿಗೆ ನಮ್ಮ ಭಾಗದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮೆಮೊರಿಯಲ್ಲಿದ್ದ ಬಾಕಿಪಟ್ಟಿಯ ತಿದ್ದುಪಡಿಗಳು ಡಿಸ್ಕಿಗೆ ಇಳಿಯುವ ಮೊದಲು ಕರೆಂಟು ಹೋದರೆ, ಕೊನೆಯ ಬಾರಿ ಬರೆದಿಟ್ಟ ಜಾಗದಿಂದ ಮುಂದಿನ ಬ್ಲಾಕ್‌ಗಳನ್ನೆಲ್ಲ ನೋಡ್ ಮತ್ತೆ ಲೆಕ್ಕ ಹಾಕಬೇಕು. ನಿಮ್ಮ ಓದುಗರು ನಿನ್ನೆ ಮಾಡಿದ ಕೆಲಸವನ್ನೇ ಇಂದು ಪ್ರೊಸೆಸರ್ ಮಾಡುತ್ತಿದೆ ಎಂದು ದೂರುತ್ತಿದ್ದರೆ ಇದೂ ಒಂದು ಕಾರಣವಾಗಿರಬಹುದು. ಉಷ್ಣ ವಿದ್ಯುತ್ ಸ್ಥಾವರ ಇರುವ ಜಿಲ್ಲೆಯವನಾದರೂ ನಾನು ನೋಡ್‌ಗೆಂದು ಒಂದು ಯುಪಿಎಸ್ ಇಟ್ಟುಕೊಂಡಿದ್ದೇನೆ. ಟಾಸ್ಕ್ ಮ್ಯಾನೇಜರಿನಲ್ಲಿ ಎಂಡ್ ಟಾಸ್ಕ್ ಒತ್ತಿ ನೋಡ್ ಅನ್ನು ಕೊಲ್ಲುವುದೂ ಕರೆಂಟು ಹೋದದ್ದಕ್ಕೆ ಸಮ. ನಿಲ್ಲಿಸುವ ಆದೇಶ ಕೊಟ್ಟ ಮೇಲೆ ಅದು ಮೆಮೊರಿಯಲ್ಲಿದ್ದುದನ್ನು ಬರೆದಿಡಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟು ತಾಳ್ಮೆ ಬೇಕು.

ಬಿಸಿಲಿನ ಮಾತು. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸತಲ್ಲ. ಪ್ರೊಸೆಸರ್ ತನ್ನ ಮಿತಿ ಮುಟ್ಟಿದಾಗ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅನೇಕರು ಬಳಸುವ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಇದು 80 ಡಿಗ್ರಿಗೆ ಶುರುವಾಗುತ್ತದೆ. ಆಗ ಬಳಕೆ 100 ಎಂದೇ ತೋರುತ್ತಿದ್ದರೂ ಕೆಲಸ ಮಾತ್ರ ಅರ್ಧವೋ ಮುಕ್ಕಾಲೋ ಆಗುತ್ತಿರುತ್ತದೆ. ಸುಟ್ಟುಹೋಗುವ ಭಯ ಬೇಡ, ಅದನ್ನು ತಡೆಯಲೆಂದೇ ಈ ಏರ್ಪಾಟು ಇದೆ. ಪ್ರೊಸೆಸರಿನ ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕ್ ಎಂಬ ಲೋಹದ ಭಾಗದ ಧೂಳು ತೆಗೆದು, ಕಪಾಟಿನೊಳಗೆ ಮುಚ್ಚಿಟ್ಟಿದ್ದನ್ನು ಗಾಳಿಯಾಡುವ ಕಡೆ ಇಟ್ಟರೆ ಬಹುಪಾಲು ಕೆಲಸವಾದಂತೆ.

ವಿಂಡೋಸ್ ಬಳಸುವವರು ಆಂಟಿವೈರಸ್ ಅನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೋಡ್ ಬರೆಯುವ ಪ್ರತಿ ಕಡತವನ್ನೂ ಅದು ತೆರೆದು ತಪಾಸಣೆ ಮಾಡುತ್ತ ಹೋದರೆ ಪ್ರೊಸೆಸರಿಗೆ ಎರಡು ಪಟ್ಟು ದುಡಿಮೆ. 2014ರಲ್ಲಿ ಯಾರೋ ಕಿಡಿಗೇಡಿಗಳು ಸ್ಟೋನ್ಡ್ ಎಂಬ ಹಳೆಯ ವೈರಸ್ಸಿನ ಗುರುತನ್ನು ಬ್ಲಾಕ್‌ಚೈನ್‌ನಲ್ಲೇ ಬರೆದಿದ್ದರಿಂದ ಮೈಕ್ರೋಸಾಫ್ಟ್‌ನ ಆಂಟಿವೈರಸ್ ನಿರಪಾಯಕಾರಿಯಾದ ಆ ದತ್ತಾಂಶವನ್ನು ವೈರಸ್ ಎಂದು ಹಿಡಿದ ಪ್ರಸಂಗವೂ ಇದೆ. 28.0 ಆವೃತ್ತಿಯಿಂದ ಹೊಸದಾಗಿ ಹಾಕಿಕೊಂಡ ನೋಡ್‌ಗಳಲ್ಲಿ ಬ್ಲಾಕ್ ಕಡತಗಳನ್ನು ಮರೆಮಾಚಿ ಬರೆಯುವುದರಿಂದ ಇಂಥ ಗೊಂದಲ ತಪ್ಪಿದೆ. ಹಾಗಿದ್ದರೂ ಬ್ಲಾಕ್‌ಗಳ ಫೋಲ್ಡರ್ ಮತ್ತು ಬಾಕಿಪಟ್ಟಿಯ ಫೋಲ್ಡರ್ ಇವೆರಡನ್ನು ಮಾತ್ರ ತಪಾಸಣೆಯಿಂದ ಹೊರಗಿಡುವುದು ಒಳ್ಳೆಯದು. ಆಂಟಿವೈರಸ್ ಅನ್ನೇ ನಿಲ್ಲಿಸಬಾರದು.

ನಿಲ್ಲಿಸಬಾರದು ಎನ್ನಲು ಕಾರಣವಿದೆ, ಅಂಕಣಕಾರರ ಮೈನಿಂಗ್ ಶಂಕೆ ನಿಜವಾಗುವ ಒಂದೇ ಸಂದರ್ಭವೂ ಇದೇ. ನೋಡ್ ತಂತ್ರಾಂಶವನ್ನು ಅಧಿಕೃತ ತಾಣದಿಂದಲ್ಲದೆ ಯಾರೋ ಕಳಿಸಿದ ಕೊಂಡಿಯಿಂದ ಇಳಿಸಿಕೊಂಡವರ ಯಂತ್ರದಲ್ಲಿ ಕದ್ದು ಮೈನಿಂಗ್ ಮಾಡುವ ತಂತ್ರಾಂಶ ಸೇರಿಕೊಂಡಿರಬಹುದು. ಅದು ಗಳಿಸುವುದು ಸಾಮಾನ್ಯವಾಗಿ ಮೊನೆರೋ ಎಂಬ ಬೇರೊಂದು ನಾಣ್ಯವನ್ನು. 2019ರ ನವೆಂಬರಿನಿಂದ ಮೊನೆರೋ ಬಳಸುತ್ತಿರುವ ರ್‍ಯಾಂಡಮ್‌ಎಕ್ಸ್ ಎಂಬ ಲೆಕ್ಕದ ವಿಧಾನವನ್ನು ಸಾಮಾನ್ಯ ಪ್ರೊಸೆಸರಿಗೆ ಹೊಂದುವಂತೆಯೇ ರೂಪಿಸಲಾಗಿದೆ. ಪ್ರೊಸೆಸರನ್ನು ತಿನ್ನುತ್ತಿರುವ ಪ್ರಕ್ರಿಯೆಯ ಹೆಸರು ನೋಡ್‌ನದ್ದಲ್ಲದಿದ್ದರೆ, ಅಥವಾ ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಬಳಕೆ ಇಳಿದು ಮುಚ್ಚಿದ ಕೂಡಲೇ ಫ್ಯಾನ್ ಮತ್ತೆ ಸದ್ದು ಮಾಡಿದರೆ, ಶಂಕಿಸಲೇಬೇಕು. ಇಳಿಸಿಕೊಂಡ ಕಡತದ ಹ್ಯಾಶ್, ಅಂದರೆ ಕಡತದ ಬೆರಳಚ್ಚಿನಂಥ ಸಂಖ್ಯೆ, ಮತ್ತು ಸಹಿಯನ್ನು ಪ್ರಕಟಿತ ಪಟ್ಟಿಯೊಂದಿಗೆ ತಾಳೆ ನೋಡಿದರೆ ಈ ಕಂಟಕವೇ ಬರುವುದಿಲ್ಲ.

ಇನ್ನು ಸೆಟ್ಟಿಂಗ್‌ಗಳನ್ನು ತಿರುಗಿಸುವ ವಿಚಾರವನ್ನು ಬೇಗ ಮುಗಿಸುತ್ತೇನೆ. ಪಾರ್ ಎಂಬ ಸೆಟ್ಟಿಂಗ್‌ಗೆ ಋಣ ಸಂಖ್ಯೆ ಕೊಟ್ಟರೆ ಅಷ್ಟು ಕೋರ್‌ಗಳನ್ನು ಸಹಿ ಪರಿಶೀಲನೆಯಿಂದ ಬಿಡುವು ಮಾಡಿ ನಿಮ್ಮ ಇತರ ಕೆಲಸಕ್ಕೆ ಉಳಿಸುತ್ತದೆ. ಸಿಂಕ್ ಮುಗಿದ ಮೇಲೆ ಅದರಿಂದ ಹೆಚ್ಚು ವ್ಯತ್ಯಾಸ ಕಾಣದು. ಒಳಬರುವ ಸಂಪರ್ಕಗಳನ್ನು ನಿಲ್ಲಿಸಿದರೆ, ಅಥವಾ 125ರ ಪೂರ್ವನಿಗದಿ ಮಿತಿಯನ್ನು ತಗ್ಗಿಸಿದರೆ, ಸಿಂಕ್ ಆದ ನಂತರದ ದೈನಂದಿನ ದುಡಿಮೆ ಇಳಿಯುತ್ತದೆ, ಸಿಂಕ್ ಮಾತ್ರ ಹಗುರವಾಗುವುದಿಲ್ಲ. ವಹಿವಾಟುಗಳನ್ನು ಬಿಟ್ಟು ಬ್ಲಾಕ್‌ಗಳನ್ನಷ್ಟೇ ಪಡೆಯುವ ಆಯ್ಕೆಯಿಂದ ದಿನವಿಡೀ ತಣ್ಣಗಿರಬಹುದು, ಆದರೆ ಬ್ಲಾಕ್ ಬಂದಾಗ ಎಲ್ಲವನ್ನೂ ಒಮ್ಮೆಗೇ ಪರಿಶೀಲಿಸಬೇಕಾಗುತ್ತದೆ. ಪ್ರೊಸೆಸರಿಗೆ ಹೊರಗಿನಿಂದ ಶೇಕಡಾ ಇಷ್ಟೇ ಎಂದು ಕಡಿವಾಣ ಹಾಕುವ ಉಪಾಯ ನನಗೆ ಹಿಡಿಸುವುದಿಲ್ಲ, ಮೂರು ದಿನದ ಕೆಲಸ ಹದಿನೈದು ದಿನವಾಗುತ್ತದೆ. ಅದರ ಬದಲು ನೋಡ್‌ನ ಆದ್ಯತೆಯನ್ನು ತಗ್ಗಿಸಿದರೆ, ನಿಮಗೆ ಬೇಕಾದಾಗ ಕಂಪ್ಯೂಟರ್ ನಿಮ್ಮ ಮಾತು ಕೇಳುತ್ತದೆ, ಬೇಡವಾದಾಗ ನೋಡ್ ತನ್ನ ಲೆಕ್ಕ ಮುಂದುವರಿಸುತ್ತದೆ.

ವಿದ್ಯುತ್ ಬಿಲ್ಲಿನ ಭಯವನ್ನೂ ಅಂಕಣ ಎತ್ತಿತ್ತು. ನನ್ನ ಸಣ್ಣ ಕಂಪ್ಯೂಟರಿಗೆ ಮೀಟರ್ ಹಾಕಿ ಅಳೆದಾಗ, ಸಿಂಕ್ ಮುಗಿದ ಮೇಲೆ ಅದು ಸರಾಸರಿ 25 ವ್ಯಾಟ್ ಎಳೆಯುತ್ತದೆ, ಅಂದರೆ ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18 ಯೂನಿಟ್. ಸೀಲಿಂಗ್ ಫ್ಯಾನ್ ಒಂದು ಎಳೆಯುವುದೂ ಇದಕ್ಕಿಂತ ಹೆಚ್ಚೇ ಇದ್ದೀತು. ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದು ಸಣ್ಣ ಮಿತಿಯವರೆಗೆ ಮಾತ್ರ ವಿನಾಯಿತಿ ಇರುವುದರಿಂದ, ಆ ಅಂಚಿನಲ್ಲಿರುವ ಮನೆಯವರು ಈ 18 ಯೂನಿಟ್‌ಗಳನ್ನು ಲೆಕ್ಕ ಹಾಕಿಕೊಂಡು ನೋಡ್ ಹಾಕಿಕೊಳ್ಳುವುದು ಒಳಿತು.

ಪ್ರಶ್ನೆ ಕೇಳಿದ ಓದುಗರು ತಂತ್ರಾಂಶವನ್ನು ಇನ್ನೂ ತೆಗೆದುಹಾಕಿಲ್ಲವೆಂದು ಭಾವಿಸುತ್ತೇನೆ. ಅವರು ಯಾವ ಆವೃತ್ತಿ ಹಾಕಿಕೊಂಡಿದ್ದಾರೆ, ಸಿಂಕ್ ಎಲ್ಲಿಗೆ ಬಂದಿದೆ, ಡಿಸ್ಕ್ ಯಾವ ಬಗೆಯದು, ಯಾವ ಎಳೆ ಮೇಲೆ ಕಾಣುತ್ತಿದೆ ಎಂಬ ನಾಲ್ಕು ವಿವರಗಳನ್ನು ಕೇಳಿ ತರಿಸಿಕೊಂಡು ಮುಂದಿನ ಅಂಕಣದಲ್ಲಿ ಉತ್ತರವನ್ನು ತಿದ್ದಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಅಷ್ಟರಲ್ಲಿ ಅವರ ಸಿಂಕ್ ತಾನಾಗಿಯೇ ಮುಗಿದು ಫ್ಯಾನ್ ಸುಮ್ಮನಾಗಿದ್ದರೆ ಅದನ್ನೂ ದಯವಿಟ್ಟು ಪ್ರಕಟಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ರಾಯಚೂರು